ಇದರ ಹೆಸರೇನು?

"ಇದರ ಹೆಸರೇನ್ರೀ?" ಉಚ್ಚೆಂಗೆಮ್ಮ ಗಂಡನ ಅಂಗೈಗೆ ಒಂದು ಹಿಡಿ ಹಸಿರು ಕಾಳು ಸುರಿದು ಕೇಳಿದಳು. ಕೋವಿಡ್ ವಾಸಿಯಾಗಿ ಮೂರು ತಿಂಗಳಾದರೂ ಹಂಪಯ್ಯನ ತಲೆಯ ಮಬ್ಬು ಇಳಿದಿರಲಿಲ್ಲ. ಗೊತ್ತಿದ್ದ ಮಾತುಗಳೇ ನಾಲಿಗೆಗೆ ಬಾರದೆ ಸತಾಯಿಸುತ್ತಿದ್ದವು. ಪಾರ್ವತಿನಗರದ ಓಣಿಯನ್ನೆಲ್ಲ ನಗಿಸುತ್ತಿದ್ದ ಬಾಯಿ ಈಗ 'ಹೂಂ', 'ಊಹೂಂ' ದಾಟುತ್ತಿರಲಿಲ್ಲ. ಡಾಕ್ಟರು ಹೇಳಿದಂತೆ ದಿನಾ ಒಂದೊಂದು ಡಬ್ಬಿ ತೆರೆದು ಕೇಳುವಾಗ, ಆ ನಗಿಸುವ ಗಂಡ ತನಗೆ ಮತ್ತೆ ಸಿಗುವನೋ ಇಲ್ಲವೋ ಎಂದು ಅವಳ ಜೀವ ಹೊಯ್ದಾಡುತ್ತಿತ್ತು.

ಹಂಪಯ್ಯ ಬಹಳ ಹೊತ್ತು ಕಾಳು ಹೊರಳಿಸಿ ನೋಡಿ, "ಹೆಸರು" ಎಂದ.

"ಹೌದ್ರೀ, ಹೆಸರೇ ಕೇಳಾಕತ್ತೀನಿ."

"ಹೆಸರು ಅಂದ್ನಲ್ಲ!"

"ನನ್ನ ಮಾತು ನನಗ ತಿರುಗಿ ಒಪ್ಪಸ್ತೀರಲ್ರೀ..." ಅವಳ ಕಣ್ಣು ತುಂಬಿತು.

"ಲೇ, ಇದು ಹೆಸರುಕಾಳು! ಇದರ ಹೆಸರೇ ಹೆಸರು. ಮಬ್ಬು ನನ್ನ ತಲಿಗೋ, ನಿನ್ನ ತಲಿಗೋ?" ಎಂದವನೇ ಹಂಪಯ್ಯ ಡಾಕ್ಟರ ಹಾಗೆ ಮೂಗಿನಲ್ಲಿ ದನಿ ತೆಗೆದ: "ಎಲ್ಲಿ ಅಮ್ಮಾ, ಈಗ ನಿಮ್ಮ ಯಜಮಾನರ ಹೆಸರು ಹೇಳ್ರಿ ನೋಡೋಣು!"

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ಗಂಡನ ಹೆಸರನ್ನು ಬಾಯಿಗೆ ತಂದವಳಲ್ಲ. ಕಾಳಿದ್ದ ಅವನ ಅಂಗೈಯನ್ನು ಎರಡೂ ಕೈಯಿಂದ ಮುಚ್ಚಿಹಿಡಿದು, "ಹಂಪಯ್ಯ" ಎಂದಳು.