ಕಂಬೇರ್‌ನ ಕಾವಲು

ಮಗಳ ಕೋಣೆಯ ಕಿಟಕಿಗೆ ಆರನೆಯ ಮೊಳೆ ಹೊಡೆಯುವಾಗ ಸುತ್ತಿಗೆ ಜಾರಿ ಕಂಬೇರ್‌ನ ಹೆಬ್ಬೆರಳ ಮೇಲೆ ಬಿತ್ತು. ಒಳಗೆ ನೆರ್ಗಿಸ್ ನಕ್ಕದ್ದು ಕೇಳಿಸಿತು. ಅವನು ಏಳನೆಯ ಮೊಳೆ ಎತ್ತಿಕೊಂಡ.

ಆ ಬೆಳಿಗ್ಗೆ ಹುಲ್ಲಟ್ಟದಲ್ಲಿ ಒಂದು ಗಂಟು ಸಿಕ್ಕಿತ್ತು. ಕೆಂಪು ಶಾಲು, ಕಸೂತಿಯ ಅಂಚಿನ ಹೊಸ ತಲೆವಸ್ತ್ರ, ಒಂದು ಪೊಟ್ಟಣ ಮದರಂಗಿ. ಮನೆ ಬಿಟ್ಟು ಓಡುವ ಹೆಣ್ಣಿನ ಗಂಟು ಹೇಗಿರುತ್ತದೆಂದು ಸಿಸ್ಲಿದೆರೆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

“ಯಾರದಿದು?” ಎಂದು ಮಗಳನ್ನು ಕೇಳಿದ್ದ.

“ನನ್ನದಲ್ಲ.”

“ಮತ್ಯಾರದು?”

“ಹೇಳಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ.”

ಹೇಳುವ ಅಗತ್ಯವೂ ಇರಲಿಲ್ಲ. ಎದುರು ಗುಡ್ಡದ ಜೇನು ಸಾಕುವ ಇದ್ರಿಸನ ಮನೆಯಿಂದ ವರ್ಷದಿಂದಲೂ ಪ್ರತಿ ಶುಕ್ರವಾರ ಒಂದು ತಟ್ಟೆ ಜೇನುಹುಟ್ಟು ಬರುತ್ತಿತ್ತು. ತಂದುಕೊಡುತ್ತಿದ್ದವನು ಮಗ ಯೂನುಸ್, ಇಪ್ಪತ್ತಾರರ ಗಟ್ಟಿ ಆಳು. ಇದ್ರಿಸನ ಹೆಂಡತಿ ತೀರಿಕೊಂಡಾಗಿನಿಂದ ಆ ಮನೆಯಲ್ಲಿ ಒಲೆ ಹಚ್ಚಲು ಹೆಣ್ಣಿಲ್ಲ. ಸೊಸೆ ಹುಡುಕುತ್ತಿದ್ದಾರೆಂದು ಊರೆಲ್ಲ ಮಾತು.

ನಾಲ್ಕು ವರ್ಷದ ಹಿಂದೆ ಹೇಜಲ್ ಕಾಯಿಯ ತೋಟದ ಗೋಡೆಯ ಜಾಗಕ್ಕಾಗಿ ಕಂಬೇರ್ ಮತ್ತು ಇದ್ರಿಸ್ ಕೊರಳಪಟ್ಟಿ ಹಿಡಿದುಕೊಂಡಿದ್ದರು. ತನ್ನ ಮನೆಯ ಹೆಣ್ಣು ಆ ಹೊಸ್ತಿಲು ತುಳಿಯುವುದಿಲ್ಲವೆಂದು ಕಂಬೇರ್ ಅಂದೇ ಚಹಾದಂಗಡಿಯಲ್ಲಿ ಹತ್ತು ಜನರೆದುರು ಆಣೆ ಇಟ್ಟಿದ್ದ.

ಅವನ ತಾಯಿ ಹುರ್ಮುಜ್ ಅಂಗಳದಲ್ಲಿ ಹಸುವಿನ ಕೊರಳಿಗೆ ಗಂಟೆ ಕಟ್ಟುತ್ತಿದ್ದಳು. ಅರವತ್ತಮೂರು ವರ್ಷ. ಗಂಡ ಹೋದ ಮೇಲೆ ಬೆಟ್ಟದ ಹೊಲ ಉತ್ತು ಮೂರು ಮಕ್ಕಳನ್ನು ದಡ ಸೇರಿಸಿದವಳು. ಬೇಸಿಗೆ ಬಂದರೆ ಹಸುಗಳೊಂದಿಗೆ ಮೇಲಿನ ಹುಲ್ಲುಗಾವಲಿಗೆ ಹೋಗಿ ಹಿಮ ಬೀಳುವ ಮೊದಲು ಇಳಿಯುತ್ತಿದ್ದಳು. ನಾಳೆ ಹೊರಡುವ ದಿನ.

“ಆ ಗಂಟು ಇಲ್ಲಿ ಕೊಡು,” ಎಂದಳು. “ಹುಷಾರಾಗಿ ಇಟ್ಕೋತೀನಿ.”

ಅವನು ಕೊಟ್ಟ.

“ಜಗಳ ಆಡಿದ್ದು ನೀವು ಗಂಡಸರು. ಈ ಮನೆ ಹೆಂಗಸರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?”

“ನೀನಿದಕ್ಕೆ ತಲೆಹಾಕ್ಬೇಡಮ್ಮಾ. ಜಪಮಾಲೆ ಹಿಡ್ಕೊಂಡು ಕೂರೋ ವಯಸ್ಸು ನಿಂದು.”

ಹುರ್ಮುಜ್ ಗಂಟೆಯ ಪಟ್ಟಿಯನ್ನು ಬಿಗಿದು ಎಳೆದಳು. “ಹೋಗ್ಬೇಕು ಅಂತ ಮನಸ್ಸು ಮಾಡಿದೋಳನ್ನ ನೀನು ಮೊಳೆ ಹೊಡೆದು ನಿಲ್ಲಿಸ್ತೀಯಾ, ಕಂಬೇರ್?”

“ನಿಲ್ಲಿಸ್ತೀನಿ.”

“ನೋಡೋಣ.”

ಮರುದಿನ ಬೆಳಕು ಹರಿಯುತ್ತಲೇ ಅವನು ಮಗಳ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೆಂಡತಿಯನ್ನು ಬಾಗಿಲ ಮುಂದೆ ಕೂರಿಸಿ, ತಾನು ದೊಣ್ಣೆ ಹಿಡಿದು ಕಲ್ಲುಸೇತುವೆಯ ಮೇಲೆ ನಿಂತ. ಊರಿನಿಂದ ಮೇಲಿನ ಹುಲ್ಲುಗಾವಲಿಗೆ ಹೋಗಲು ಬೇರೆ ದಾರಿಯೇ ಇರಲಿಲ್ಲ.

ಮೊದಲು ಬಂದವನು ಇದ್ರಿಸ್. ಎರಡು ಹೇಸರಗತ್ತೆಗಳ ಮೇಲೆ ಜೇನುಪೆಟ್ಟಿಗೆ. ಗಡ್ಡ ನುಣ್ಣಗೆ ಹೆರೆಸಿದ್ದ. ಕಂಬೇರ್ ಅಡ್ಡ ನಿಂತು ಹೇರನ್ನು ಒಂದೊಂದಾಗಿ ಸರಿಸಿ ನೋಡಿದ.

“ನಿನ್ನ ಮಗಳು ನನಗೂ ಮಗಳೇ,” ಎಂದ ಇದ್ರಿಸ್. “ಅವಳನ್ನ ಕದಿಯೋ ಪೈಕಿ ಅಲ್ಲ ನಾವು.”

“ನಿನ್ನ ಮಗನಿಗೆ ಹೇಳು ಅದನ್ನ.”

“ಅಲ್ಲೇ ಇದ್ದಾನಲ್ಲ. ಕಣ್ಣು ತುಂಬ ನೋಡ್ಕೋ.”

ನಿಜ. ಯೂನುಸ್ ಸೇತುವೆಯಾಚೆಯ ಇಳಿಜಾರಿನಲ್ಲಿ ಜೋಳದ ಸಾಲು ಕೆದರುತ್ತಿದ್ದ. ಆಮೇಲೆ ಕಂಬೇರ್ ಅವನ ಮೇಲಿಟ್ಟ ಕಣ್ಣನ್ನು ಕದಲಿಸಲಿಲ್ಲ.

ಬಿಸಿಲೇರುವ ಹೊತ್ತಿಗೆ ಗಂಟೆಗಳ ಸದ್ದಾಯಿತು. ಕೊಂಬಿಗೆ ಬಣ್ಣದ ಉಣ್ಣೆ ಕಟ್ಟಿಸಿಕೊಂಡ ಹಸುಗಳ ಹಿಂದೆ ಊರ ಹೆಂಗಸರು. ಬೆಟ್ಟಕ್ಕೆ ಏರುವ ದಿನ ಎಲ್ಲರೂ ಪೆಟ್ಟಿಗೆಯ ತಳದ ಬಟ್ಟೆ ತೆಗೆದು ಉಡುವವರೇ. ಹುರ್ಮುಜಳೂ ಮಖಮಲ್ಲಿನ ಅಂಗಿ ತೊಟ್ಟಿದ್ದಳು. ಬೆನ್ನ ಮೇಲೆ ಬುಟ್ಟಿ ತುಂಬ ಹೊರೆ. ಕಂಬೇರ್ ಅದನ್ನು ಇಳಿಸಿಕೊಂಡು, ತಾನೇ ಹೊತ್ತು ಸೇತುವೆ ದಾಟಿಸಿದ.

ಆಚೆ ದಡದಲ್ಲಿ ತಾಯಿ ಅವನ ಕೆನ್ನೆ ಮುಟ್ಟಿದಳು. “ನನ್ನಿಂದ ಏನಾದ್ರೂ ನೋವಾಗಿದ್ರೆ ಮನ್ನಿಸಿಬಿಡು, ಮಗಾ.”

ಹೋಗುವವರು ಪ್ರತಿ ವರ್ಷ ಹೇಳುವ ಮಾತು. ಯೂನುಸನ ಮೇಲಿನ ಕಣ್ಣು ಕೀಳದೆ ಕಂಬೇರ್ ಪ್ರತಿ ವರ್ಷದ ಉತ್ತರವನ್ನೇ ಕೊಟ್ಟ. “ಮನ್ನಿಸಿದೆ ಅಮ್ಮಾ. ನೀನೂ ಮನ್ನಿಸು.”

“ಮಾತು ಕೊಟ್ಟಿದ್ದೀಯ. ವಾಪಸ್ ತಗೋಬೇಡ,” ಎಂದು ಹೇಳಿ, ತಿರುಗಿ ನೋಡದೆ ಏರು ಹತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಶಿಳ್ಳೆ ಕೇಳಿಸಿತು. ಆ ಕಣಿವೆಯಲ್ಲಿ ದೂರದವರನ್ನು ಕೂಗುವುದಿಲ್ಲ. ಮಾತನ್ನೇ ಶಿಳ್ಳೆಯಾಗಿ ಹಾಕುತ್ತಾರೆ, ಕೂಸು ಕೂಡ ಬಿಡಿಸಿ ಹೇಳುತ್ತದೆ. ಮದುಮಗಳು ಬಂದಳು, ಇಮಾಮರು ಕಾಯುತ್ತಿದ್ದಾರೆ, ಡೋಲು ತನ್ನಿ ಎಂದಿತು ಶಿಳ್ಳೆ. ನಡುಗುಡ್ಡದವರು ಅದನ್ನೇ ಕೆಳಕ್ಕೆ ದಾಟಿಸಿದರು. ಯೂನುಸ್ ಗುದ್ದಲಿ ಎಸೆದು, ಬಾಯಿಗೆ ಬೆರಳಿಟ್ಟು, ಬಂದೆ ಎಂದು ಶಿಳ್ಳೆ ಹಾಕಿ ಗುಡ್ಡ ಹತ್ತಿ ಓಡಿದ.

ಕಂಬೇರ್ ದೊಣ್ಣೆ ಬಿಸುಟು ಮನೆಗೆ ಓಡಿದ. ಹೆಂಡತಿ ಬಾಗಿಲ ಮುಂದೆಯೇ ಕೂತಿದ್ದಳು. ತಾನು ಎದ್ದೇ ಇಲ್ಲವೆಂದಳು. ಅವನು ಸೊಂಟದ ಕೀಲಿ ಕಿತ್ತು ಬೀಗಕ್ಕೆ ತೂರಿಸಿದ. ಬಾಗಿಲು ತೆರೆದರೆ ನೆರ್ಗಿಸ್ ಹಾಸಿಗೆಯ ಮೇಲೆ ಕಾಲು ಮಡಿಚಿ ಕೂತು ಹೇಜಲ್ ಕಾಯಿ ಒಡೆಯುತ್ತಿದ್ದಳು.

ಅವನು ಚೌಕಟ್ಟು ಹಿಡಿದು ನಿಂತ. ಏದುಸಿರು. ಮೊದಲು ಸಮಾಧಾನವಾಯಿತು, ನಗುವೂ ಬಂತು. ಆಮೇಲೆ ನಗು ತಾನಾಗಿ ನಿಂತಿತು.

ನೆರ್ಗಿಸ್ ಎದ್ದು ಮಡಿಲ ಸಿಪ್ಪೆ ಕೊಡವಿ, ತಲೆವಸ್ತ್ರ ಬಿಗಿದು ಕಟ್ಟಿದಳು.

“ದಾರಿ ಬಿಡಪ್ಪಾ. ನಾನೂ ಮದುವೆಗೆ ಹೋಗ್ಬೇಕು.”

“ಯಾರ ಮದುವೆ?”

“ಅಜ್ಜಿದು,” ಎಂದಳು ಅವಳು. “ಯೂನುಸನ ಅಪ್ಪನ ಜೊತೆ.”