ಮೂಗಿನ ಪರೀಕ್ಷೆ

"ಮೊದಲು ಸಿಗರೇಟು ಬಿಡು. ಮಗಳನ್ನ ಕೊಡೋ ಮಾತು ಆಮೇಲೆ" ಎಂದಿದ್ದರು ಹುಡುಗಿಯ ಅಪ್ಪ. ಹುಡುಗ ಬಿಟ್ಟು, ಮತ್ತೆ ಬಂದ.

"ಬಿಟ್ಟಿದ್ದೀಯ ಅಂತ ನಂಬೋದು ಹೇಗೆ?"

"ಸಿಗರೇಟಿಂದ ಸತ್ತಿದ್ದ ಮೂಗು ಬದುಕಿದೆ ಸಾರ್. ಬೇಕಾದ್ರೆ ಪರೀಕ್ಷೆ ಮಾಡಿ!"

ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ಅಡುಗೆಮನೇಲಿ ಇಂಗಿನ ಒಗ್ಗರಣೆ. ಮಂಚದ ಕೆಳಗೆ ಹಲಸು ಹಣ್ಣಾಗಿದೆ. ಬಾಗಿಲ ಹಿಂದೆ ಮಲ್ಲಿಗೆ ನಿಂತಿದೆ."

ಬಾಗಿಲ ಹಿಂದಿನಿಂದ ಹುಡುಗಿ ಕಿಸಕ್ಕನೆ ನಕ್ಕಳು. ಆ ಹುರುಪಿನಲ್ಲಿ ಅವನು ಅವಳ ಅಪ್ಪನತ್ತಲೇ ಬಾಗಿದ.

"ನೀವು ಈಗಷ್ಟೇ ಏಲಕ್ಕಿ ಅಗಿದಿದ್ದೀರಿ. ಅದರಡಿ ಇನ್ನೊಂದು ವಾಸನೆ ಇದೆ ಸಾರ್, ನನಗೆ ಬಹಳ ಹಳೇ ಪರಿಚಯದ್ದು..."

"ಸಾಕು, ಸಾಕು! ಪಾಸಾದೆ!"

ಸೌಟು ಹಿಡಿದೇ ಹೊರಬಂದ ಹುಡುಗಿಯ ಅಮ್ಮ, ಗಂಡನನ್ನೇ ದಿಟ್ಟಿಸುತ್ತ ಹೇಳಿದರು: "ಪೂರ್ತಿ ಹೇಳಿ, ಅಳಿಯಂದಿರೇ."