ಪಟ್ಟದ ಗೊಂಬೆ

“ರಾಜನ್ನ ದೊಡ್ಡ ಮಗಳಿಗೆ, ರಾಣೀನ ಚಿಕ್ಕವಳಿಗೆ ಅಂತ ಬರೆದಿದ್ದೀಯಲ್ಲಪ್ಪ, ಗಂಡ ಹೆಂಡ್ತೀನ ಯಾರಾದ್ರೂ ಬೇರೆ ಮಾಡ್ತಾರಾ?” ಚೂಡಾಮಣಮ್ಮ ಉಯಿಲಿನ ಕರಡನ್ನು ವಕೀಲ ಪ್ರಸಾದನ ಕಡೆಗೆ ತಳ್ಳಿದರು. ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಮರದ ಪಟ್ಟದ ಗೊಂಬೆಗಳು ಅವರ ಮಡಿಲಲ್ಲಿದ್ದವು.

“ಎಲ್ಲಾ ಸಮಪಾಲು ಅಂದ್ರಲ್ಲಮ್ಮ.” ಒಂಟಿಕೊಪ್ಪಲಿನ ಮನೆಯನ್ನೂ ಒಡವೆಗಳನ್ನೂ ಪ್ರಸಾದ್ ಸರಿಯಾಗಿಯೇ ಹಂಚಿದ್ದ. ಅಕ್ಕತಂಗಿಯರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಯಾರಿಗೂ ಹೆಚ್ಚುಕಡಿಮೆ ಆಗುವಂತಿರಲಿಲ್ಲ.

ಚೂಡಾಮಣಮ್ಮ ಸೆರಗಿನ ತುದಿಯಿಂದ ರಾಣಿಯ ಮುಖ ಒರೆಸಿದರು. “ಜೋಡೀನ ಒಂದು ದಸರಾಕ್ಕೆ ವತ್ಸಲ ಕೂರಿಸ್ಲಿ, ಮುಂದಿನ ದಸರಾಕ್ಕೆ ಭಾರ್ಗವಿ. ಕೊಡೋಳು ತಾನೇ ಎತ್ಕೊಂಡು ಹೋಗಿ ಕೊಡ್ಬೇಕು, ಬೇರೆ ಯಾರ ಕೈಲೂ ಕಳಿಸೋ ಹಾಗಿಲ್ಲ. ಹಾಗಂತ ಬರಿ.”

“ಅಮ್ಮ, ಇದನ್ನ ಕೋರ್ಟಲ್ಲಿ ಜಾರಿ ಮಾಡಿಸೋಕಾಗಲ್ಲ.”

“ಕೋರ್ಟಿಗಲ್ಲ ಕಣಪ್ಪ. ನಾನು ಹೋದ್ಮೇಲೆ ಅವರಿಬ್ಬರೂ ಇದನ್ನ ಓದ್ತಾರಲ್ಲ, ಅವರಿಗೆ.”

ಪ್ರಸಾದ್ ತಲೆ ತಗ್ಗಿಸಿ ಬರೆದುಕೊಂಡ. ಕಾಗದ ಮಡಿಚುವಷ್ಟರಲ್ಲಿ ಅವರು ಅವನ ಕೈ ತಡೆದರು.

“ಇನ್ನೊಂದು ಸಾಲು ಸೇರ್ಸು. ಬಾಗಿಲಲ್ಲೇ ಕೊಟ್ಟು ಬರೋ ಹಾಗಿಲ್ಲ. ಊಟ ಮಾಡ್ಕೊಂಡೇ ಬರ್ಬೇಕು.”